ಹಳೆ ಗ್ಲೋ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಓಡಿಸೋದು ಹೇಗೆ

ಮಾದರಿ ವಿಮಾನ ಹಾರಿಸುವ ಪುಟ್ಟ ಎಂಜಿನ್, ಹಳೆ ಗ್ಲೋ ಎಂಜಿನ್ ಒಂದು ಕೈಗೆ ಬಂದಿದೆ. ಪ್ರಾಪ್ (ಪ್ರೊಪೆಲ್ಲರ್) ಹಿಡಿದು ತಿರುಗಿಸಿದರೆ ಒಂದಿಷ್ಟೂ ಅಲುಗುತ್ತಿಲ್ಲ, ಮೈಮೇಲೆಲ್ಲ ಕಂದು ಬಣ್ಣದ ಗಟ್ಟಿ ಪದರ. ಇದನ್ನು ನೋಡಿ 'ಹೋಯ್ತು, ಜಾಮ್ ಆಗಿದೆ' ಅಂತ ಮೂಲೆಗೆ ಹಾಕಬೇಡಿ. ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವು ಸವೆದಿರುವುದಿಲ್ಲ. ಇಂಧನದಲ್ಲಿ ಬೆರೆಸಿದ್ದ ಹರಳೆಣ್ಣೆ ಒಳಗೆ ಒಣಗಿ, ಪಿಸ್ಟನ್ನನ್ನು ಸ್ಲೀವ್‌ಗೆ, ಅಂದರೆ ಅದು ಓಡಾಡುವ ಒಳಕೊಳವೆಗೆ, ಅಂಟಿಸಿಬಿಟ್ಟಿರುತ್ತದೆ, ಅಷ್ಟೇ. ಅದೇ ಎಣ್ಣೆ ಇಷ್ಟು ವರ್ಷ ಒಳಗಿನ ಉಕ್ಕಿಗೆ ತುಕ್ಕು ಹಿಡಿಯದ ಹಾಗೆ ಕಾಪಾಡಿರುತ್ತದೆ ಕೂಡ. ಸುಮ್ನೆ ಬಿದ್ದಿದ್ದಾಗ ಏನೂ ಆಗದ ಎಂಜಿನ್ ಹಾಳಾಗುವುದು ಯಾರೋ ಇಕ್ಕಳ ಹಿಡಿದು ಅವಸರದಲ್ಲಿ ತಿರುಗಿಸಲು ಹೊರಟಾಗ. ಹಾಗಾಗಿ ಇಡೀ ಕೆಲಸದಲ್ಲಿ ನಾನು ಪಾಲಿಸುವುದು ಒಂದೇ ನಿಯಮ: ಬಲ ಬೇಕು ಅನಿಸಿದಲ್ಲಿ ಶಾಖ ಕೊಡಿ, ಶಾಖವೂ ಸಾಲದಿದ್ದರೆ ಇನ್ನಷ್ಟು ಹೊತ್ತು ಕಾಯಿರಿ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿದಿರಲಿ, ಇಲ್ಲದಿದ್ದರೆ ಮುಂದೆ ಇಂಧನದ ಬಗ್ಗೆ ಹೇಳುವುದು ಅತಿಯಾಯ್ತು ಅನಿಸಬಹುದು. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ ಅನ್ನು ಮಾರುಕಟ್ಟೆಗೆ ತಂದರು. ಅದಕ್ಕೂ ಮುಂಚೆ ಸ್ಪಾರ್ಕ್ ಪ್ಲಗ್, ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ಆ ಪುಟ್ಟ ವಿಮಾನವೇ ಹೊತ್ತುಕೊಂಡು ಹಾರಬೇಕಿತ್ತು. ಗ್ಲೋ ಪ್ಲಗ್‌ನಲ್ಲಿ ಇರುವುದು ಪ್ಲಾಟಿನಂ ಬೆರೆತ ಒಂದು ಸಣ್ಣ ತಂತಿಸುರುಳಿ. ಶುರುವಿನಲ್ಲಿ ಬ್ಯಾಟರಿ ಅದನ್ನು ಕೆಂಪಗೆ ಕಾಯಿಸುತ್ತದೆ. ಆಮೇಲೆ ಬ್ಯಾಟರಿ ತೆಗೆದರೂ ಇಂಧನದಲ್ಲಿರುವ ಮೆಥನಾಲ್‌ನ ಆವಿ ಪ್ಲಾಟಿನಂ ಮೇಲೆ ಉರಿಯುತ್ತಾ ಅದನ್ನು ಬಿಸಿಯಾಗಿಯೇ ಇಡುತ್ತದೆ. ಅಂದರೆ ಕಿಡಿ ಯಾವಾಗ ಹಾರಬೇಕು ಅಂತ ಹೇಳುವ ಯಾವ ಭಾಗವೂ ಇದರಲ್ಲಿಲ್ಲ. ಇಂಧನ, ಪ್ಲಗ್, ಹೆಡ್ (ಸಿಲಿಂಡರ್‌ನ ಮೇಲ್ಮುಚ್ಚಳ) ಕೆಳಗಿನ ಗ್ಯಾಸ್ಕೆಟ್‌ನ ದಪ್ಪ, ಪ್ರಾಪ್‌ನ ಭಾರ ಇವೆಲ್ಲ ಸೇರಿ ಆ ಟೈಮಿಂಗ್ ನಿರ್ಧಾರವಾಗುತ್ತದೆ. ಇವುಗಳಲ್ಲಿ ಒಂದನ್ನು ಬದಲಿಸಿದರೂ ಎಂಜಿನ್‌ನ ಸ್ವಭಾವ ಬದಲಾಗುತ್ತದೆ.

ನಿಮ್ಮ ಕೈಲಿರುವುದು ಯಾವ ಜಾತಿ?

ಬಿಚ್ಚುವ ಮೊದಲೇ ಇದು ಗೊತ್ತಿರಬೇಕು. 1950, 60ರ ದಶಕದ ಬಹುಪಾಲು ಎಂಜಿನ್‌ಗಳಲ್ಲಿ ಎರಕದ ಕಬ್ಬಿಣದ ಪಿಸ್ಟನ್, ಉಕ್ಕಿನ ಸ್ಲೀವ್. ಎರಡನ್ನೂ ಒಂದಕ್ಕೊಂದು ತಿಕ್ಕಿ ಹೊಂದಿಸಿರುತ್ತಾರೆ, ರಿಂಗ್ ಇರುವುದಿಲ್ಲ. ಫಾಕ್ಸ್ 35, ಮೆಕಾಯ್ ರೆಡ್‌ಹೆಡ್, ಹಳೆಯ ಎನ್ಯಾ ಮತ್ತು ಓ.ಎಸ್. ಎಂಜಿನ್‌ಗಳಲ್ಲಿ ಬಹಳಷ್ಟು ಹೀಗೆಯೇ. ಎರಡನೇ ಬಗೆ ಅಲ್ಯೂಮಿನಿಯಂ ಪಿಸ್ಟನ್‌ಗೆ ರಿಂಗ್ ಹಾಕಿದ್ದು, ಇದು ದೊಡ್ಡ ಎಂಜಿನ್‌ಗಳಲ್ಲಿ ಜಾಸ್ತಿ. ಮೂರನೆಯದು ಸ್ವಲ್ಪ ಈಚಿನದು, ಎಬಿಸಿ ಅಂತಾರೆ: ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಸ್ಲೀವ್. ಎಬಿಸಿ ತಣ್ಣಗಿದ್ದಾಗ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೆಲವೊಮ್ಮೆ ಕೀರ್ ಅನ್ನುತ್ತದೆ. ಅದು ಹಾಗೇ ಇರಬೇಕು. ಬಿಗಿ ಇದೆ ಅಂತ ಅದನ್ನು ಪಾಲಿಶ್ ಮಾಡಲು ಹೋದರೆ ಎಂಜಿನ್ ಮುಗಿದ ಹಾಗೆಯೇ.

ಇನ್ನು ಕಾಕ್ಸ್ .049 (ಈ ಅಂಕಿ ಘನ ಇಂಚಿನಲ್ಲಿ ಎಂಜಿನ್‌ನ ಗಾತ್ರ). ಇದು 0.8 ಸಿಸಿಯ ಪುಟ್ಟ ಜೀವ, ಇದರ ಜಾತಿಯೇ ಬೇರೆ. ಪ್ಲಗ್ ಮತ್ತು ಹೆಡ್ ಎರಡೂ ಒಂದೇ ತುಂಡು. ಕನೆಕ್ಟಿಂಗ್ ರಾಡ್ ಪಿಸ್ಟನ್‌ಗೆ ಪಿನ್‌ನಿಂದಲ್ಲ, ಗುಂಡು ತಲೆಯ ಕೀಲಿನಿಂದ ಸೇರಿಕೊಂಡಿರುತ್ತದೆ. ಬೇಬ್ ಬೀ, ಬ್ಲ್ಯಾಕ್ ವಿಡೋ ಥರದವುಗಳಲ್ಲಿ ಹಿಂದುಗಡೆ ರೀಡ್ ವಾಲ್ವ್, ಅಂದರೆ ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ತೆಳ್ಳನೆಯ ಹಾಳೆ, ಇರುತ್ತದೆ. ಇದರ ಮಾತು ಮುಂದೆ ಬರುತ್ತದೆ.

ಅಂಟು ಬಿಡಿಸುವುದು

ಎಕ್ಸಾಸ್ಟ್ ಕಿಂಡಿಗೆ ಬೆಳಕು ಬಿಟ್ಟು ಒಳಗೆ ನೋಡಿ. ಕಂದು, ಹೊಳೆಯುವ ಪದರ ಕಂಡರೆ ಹರಳೆಣ್ಣೆ, ಶಾಖಕ್ಕೆ ಬಿಡುತ್ತದೆ. ಕೆಂಪು ಪುಡಿ ಕಂಡರೆ ತುಕ್ಕು. ಅದಕ್ಕೆ ತುಕ್ಕು ಬಿಡಿಸುವ ತೆಳು ಎಣ್ಣೆ ಹನಿಸಿ ಕೆಲವು ದಿನ ಬಿಡಬೇಕು, ಅವಸರ ಬೇಡ.

ಪ್ಲಗ್ ಬಿಚ್ಚಿ, ಪ್ಲಾಸ್ಟಿಕ್ ಭಾಗಗಳಿದ್ದರೆ ತೆಗೆದಿಡಿ. ಗಾಳಿ ಸೇರುವ ಬಾಯಿಗೂ ಎಕ್ಸಾಸ್ಟ್‌ಗೂ ನಾಲ್ಕು ಹನಿ ತೆಳು ಎಣ್ಣೆ ಹಾಕಿ. ಆಮೇಲೆ ಹೀಟ್ ಗನ್‌ನಿಂದ ಸಿಲಿಂಡರ್ ಸುತ್ತ ನಿಧಾನವಾಗಿ ಕಾಯಿಸಿ, ಒಂದು ಹನಿ ನೀರು ಬಿದ್ದರೆ ಚುರ್ ಅನ್ನುವಷ್ಟು. ಒಣಗಿದ ಎಣ್ಣೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ದಪ್ಪ ಕೈಗವಸು ಹಾಕಿ ಪ್ರಾಪ್ ಅನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಶಾಖ. ಇನ್ನೂ ಹಟ ಮಾಡಿದರೆ ರಾತ್ರಿಯಿಡೀ ಮೆಥನಾಲ್‌ನಲ್ಲಿ ಮುಳುಗಿಸಿ ಮುಚ್ಚಿಡಿ. ಮಾರನೇ ದಿನ ಅದು ಪೂರ್ತಿ ಆರಿ ಒಣಗಿದ ಮೇಲೆಯೇ ಮತ್ತೆ ಬಿಸಿ ಮಾಡಬೇಕು, ಒದ್ದೆಯಿದ್ದಾಗ ಕಾಯಿಸಿದರೆ ಬೆಂಕಿ ಹತ್ತುತ್ತದೆ. ಎಕ್ಸಾಸ್ಟ್ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ಪಿಸ್ಟನ್ ಮೀಟಲೇಬೇಡಿ. ಕಿಂಡಿಯ ಅಂಚಿನಲ್ಲಿ ಲೋಹ ಮುಳ್ಳಿನಂತೆ ಒಂಚೂರು ಎದ್ದರೂ ಅದು ಪ್ರತಿ ಸುತ್ತಿಗೂ ಪಿಸ್ಟನ್ನನ್ನು ಗೀರುತ್ತದೆ.

ಬಿಚ್ಚುವುದು

ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ. ಪಿಸ್ಟನ್ ಯಾವ ಕಡೆ ಮುಖ ಮಾಡಿತ್ತು, ರಾಡ್‌ನ ಯಾವ ಬದಿ ಮುಂದಿತ್ತು, ಹೆಡ್ ಕೆಳಗೆ ಎಷ್ಟು ಗ್ಯಾಸ್ಕೆಟ್ ಇತ್ತು ಅನ್ನುವುದು ನಾಳೆ ನೆನಪಿರುವುದಿಲ್ಲ. ಹಳೆ ಎಂಜಿನ್‌ಗಳ ಪಿಸ್ಟನ್ ತಲೆಯ ಮೇಲೆ ಒಂದು ಗೋಡೆಯಂಥ ಏರು ಇರುತ್ತದಲ್ವಾ, ಅದು ಹೊಸ ಮಿಶ್ರಣ ಒಳಗೆ ಬರುವ ಬದಿಗೆ, ಅಂದರೆ ಎಕ್ಸಾಸ್ಟ್‌ಗೆ ಎದುರು ಬದಿಗೆ ಇರಬೇಕು. ತಿರುಗಿಸಿ ಕೂರಿಸಿದರೆ ಒಳಗೆ ಬಂದ ಇಂಧನ ಹಾಗೇ ಹೊರಗೆ ಹೋಗುತ್ತದೆ.

ಸ್ಕ್ರೂಗಳಿಗೆ ಅಳತೆ ಸರಿಯಾಗಿ ಕೂರುವ ಡ್ರೈವರ್ ಬೇಕು. ಬಿಗಿಯಿದ್ದರೆ ಮೊದಲು ಬಿಸಿ ಮಾಡಿ. ಅಮೆರಿಕದ ಹಳೆ ಎಂಜಿನ್‌ಗಳಲ್ಲಿ ಇಂಚಿನ ಮರೆ (ಥ್ರೆಡ್), ಜಪಾನಿನವುಗಳಲ್ಲಿ ಮೆಟ್ರಿಕ್ ಮರೆ. ನೋಡಲು ಒಂದೇ ಥರ ಕಂಡರೂ ಅದಲು ಬದಲು ಮಾಡಿದರೆ ಕೇಸ್‌ನ (ಎಂಜಿನ್‌ನ ಹೊರಕವಚದ) ಮೆತ್ತಗಿನ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತದೆ. ಪ್ಲಗ್‌ನ ಮರೆ ಮಾತ್ರ ಸಾಮಾನ್ಯವಾಗಿ ಎಲ್ಲದರಲ್ಲೂ ಒಂದೇ, ಕಾಲು ಇಂಚು ದಪ್ಪ, ಇಂಚಿಗೆ 32 ಸುತ್ತು.

ಸ್ಲೀವ್ ಹೊರಬರದಿದ್ದರೆ ಕೇಸ್ ಮಾತ್ರ ಕಾಯಿಸಿ, ಒಂದು ಮರದ ಕಡ್ಡಿಯಿಂದ ಒಳಗಿನಿಂದ ಮೇಲಕ್ಕೆ ತಳ್ಳಿ. ಬಾಲ್ ಬೇರಿಂಗ್ ತೆಗೆಯುವುದೂ ಇದೇ ರೀತಿ. ಬರೀ ಕೇಸ್ ಅನ್ನು ಅಡುಗೆಗೆ ಬಳಸದ ಒಂದು ಓವನ್‌ನಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮರದ ಹಲಗೆಯ ಮೇಲೆ ತಟ್ಟಿದರೆ ಹಿಂದಿನ ಬೇರಿಂಗ್ ತಾನಾಗಿ ಉದುರುತ್ತದೆ. ಹೊಸದನ್ನು ಕೂರಿಸುವಾಗ ಕೇಸ್ ಬಿಸಿ ಇರಲಿ, ಬೇರಿಂಗ್ ಫ್ರೀಜರ್‌ನಿಂದ ಬಂದಿರಲಿ. ಸುತ್ತಿಗೆ ಮುಟ್ಟುವ ಅಗತ್ಯವೇ ಬರುವುದಿಲ್ಲ. ಬೇರಿಂಗ್ ಬದಲಿಗೆ ಕಂಚಿನ ಬುಶ್ ಇದ್ದರೆ, ಅಥವಾ ಶಾಫ್ಟ್ ನೇರ ಕೇಸ್‌ನಲ್ಲೇ ತಿರುಗುತ್ತಿದ್ದರೆ, ಅದನ್ನು ತೊಳೆದು ಹಾಗೇ ಬಿಡಿ.

ತೊಳೆಯುವುದು

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಎಥಿಲೀನ್ ಗ್ಲೈಕಾಲ್ ಇರುವ ರೇಡಿಯೇಟರ್ ಕೂಲಂಟ್. ಒಂದು ಹಳೆ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಕುದಿಯದ ಹಾಗೆ ಸಣ್ಣ ಉರಿಯಲ್ಲಿ ಹಲವು ಗಂಟೆ ಭಾಗಗಳನ್ನು ಅದರಲ್ಲಿ ಬಿಟ್ಟರೆ, ಉಜ್ಜಿದರೂ ಹೋಗದ ಕಂದು ಪದರ ಹಲ್ಲುಜ್ಜುವ ಬ್ರಷ್‌ಗೇ ಬಂದುಬಿಡುತ್ತದೆ. ಆದರೆ ಇದು ವಿಷ, ರುಚಿ ಸಿಹಿ, ಹಾಗಾಗಿ ಮಕ್ಕಳು ಮತ್ತು ಪ್ರಾಣಿಗಳಿಗೆ ತುಂಬಾ ಅಪಾಯ. ಮನೆಯ ಹೊರಗೆ ಮಾಡಿ, ಮುಚ್ಚಳ ಹಾಕಿ, ಆ ಪಾತ್ರೆಯನ್ನು ಮತ್ತೆಂದೂ ಅಡುಗೆಗೆ ತರಬೇಡಿ. ಬಣ್ಣ ಹಾಕಿದ ಅಥವಾ ಬಣ್ಣದ ಆನೊಡೈಸ್ ಇರುವ ಭಾಗಗಳನ್ನು ಇದರಲ್ಲಿ ಹಾಕಬೇಡಿ, ಬಣ್ಣ ಹೋಗುತ್ತದೆ. ರೆಡ್‌ಹೆಡ್‌ನ ಕೆಂಪು ಹೆಡ್ ಬಿಳಿಚಿಕೊಂಡರೆ ಮತ್ತೇನು ಉಳಿಯಿತು? ಹೊರತೆಗೆದ ಕೂಡಲೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಉಕ್ಕಿನ ಭಾಗಗಳಿಗೆ ಆಗಿಂದಾಗಲೇ ಎಣ್ಣೆ ಹಚ್ಚಬೇಕು. ಹತ್ತು ನಿಮಿಷ ಬಿಟ್ಟರೂ ತುಕ್ಕಿನ ಚುಕ್ಕೆ ಏಳುತ್ತವೆ.

ಕಾಸ್ಟಿಕ್ ಸೋಡಾ, ಅದು ಸೇರಿರುವ ಓವನ್ ಕ್ಲೀನರ್ ಎರಡನ್ನೂ ದೂರವಿಡಿ. ಅಲ್ಯೂಮಿನಿಯಂ ಅನ್ನು ಅವು ಕರಗಿಸಿಬಿಡುತ್ತವೆ. ಮರಳು ಅಥವಾ ಗಾಜಿನ ಮಣಿ ಹೊಡೆಸುವುದೂ ಬೇಡ, ಒಂದು ಕಣ ಒಳಗೆ ಉಳಿದರೂ ಬುಶ್ ಹಾಳು.

ಪಿಸ್ಟನ್ ತಲೆಯ ಮೇಲಿನ ಇಂಗಾಲವನ್ನು ಬಿದಿರು ಕಡ್ಡಿಯಿಂದ ಕೆರೆಯಬಹುದು. ಪಿಸ್ಟನ್‌ನ ಪಕ್ಕದ ಗೋಡೆಯನ್ನು ಮಾತ್ರ ಮುಟ್ಟಬೇಡಿ. ಕಬ್ಬಿಣದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಬೂದು ಬಣ್ಣದ ನುಣುಪು ಮೈ, ಅದರ ಮೇಲೆ ಚಹಾ ಕಲೆಯಂಥ ತೆಳು ಕಂದು ಛಾಯೆ. ಅದು ಸುಟ್ಟ ಗುರುತಲ್ಲ, ಹರಳೆಣ್ಣೆಯ ಪೊರೆ, ಬೆರಳಿಗೆ ಸಿಗದಷ್ಟು ತೆಳು. ಪಿಸ್ಟನ್ ಮತ್ತು ಸ್ಲೀವ್ ನಡುವಿನ ಸಂದನ್ನು ಕೊನೆಯ ಅಷ್ಟಿಷ್ಟು ಮುಚ್ಚಿರುವುದು ಅದೇ. ಅದನ್ನು ಉಜ್ಜಿ ಬೆಳ್ಳಗೆ ಮಾಡಿದ ಎಂಜಿನ್‌ನಲ್ಲಿ ಕಂಪ್ರೆಶನ್ ಇಳಿಯಬಹುದು. ಮೇಲಿನಿಂದ ಕೆಳಕ್ಕೆ ಉದ್ದ ಗೀರುಗಳಿದ್ದರೆ ಧೂಳು ಒಳಗೆ ಹೋಗಿತ್ತು ಅಂತ ಅರ್ಥ. ಒಂದೆರಡು ತೆಳು ಗೀರಿದ್ದರೆ ಓಡುತ್ತದೆ, ಉಗುರಿಗೆ ತಗಲುವಷ್ಟು ಆಳವಿದ್ದರೆ ಹೊಸ ಜೋಡಿ ಹುಡುಕಬೇಕು. ಪಿಸ್ಟನ್, ಸ್ಲೀವ್ ಯಾವತ್ತೂ ಜೋಡಿಯಾಗಿಯೇ. ಒಂದರ ಪಿಸ್ಟನ್ ಇನ್ನೊಂದರ ಸ್ಲೀವ್‌ಗೆ ಹೊಂದುವುದಿಲ್ಲ.

ಮತ್ತೆ ಜೋಡಿಸುವುದು

ಪ್ರತಿ ಭಾಗಕ್ಕೂ ಎಣ್ಣೆ ಸವರಿ ಜೋಡಿಸಿ. ಬ್ಯಾಕ್‌ಪ್ಲೇಟ್‌ನ (ಕೇಸ್‌ನ ಹಿಂಬದಿ ಮುಚ್ಚಳದ) ಗ್ಯಾಸ್ಕೆಟ್ ಹರಿದಿದ್ದರೆ ಹಳೆಯದರ ದಪ್ಪದ್ದೇ ಗ್ಯಾಸ್ಕೆಟ್ ಕಾಗದ ತೆಗೆದುಕೊಂಡು ಕತ್ತರಿಸಿ. ಇಂಥ ಎರಡು-ಹೊಡೆತದ (ಟೂ-ಸ್ಟ್ರೋಕ್) ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸೇ ಪಂಪ್, ಎಲ್ಲಿ ಗಾಳಿ ಸೋರಿದರೂ ಇಂಧನ ಹೆಚ್ಚು ಕಡಿಮೆ ಮಾಡುವ ನೀಡಲ್ ಅನ್ನು ಎಷ್ಟು ತಿರುಗಿಸಿದರೂ ಹದ ಸಿಗುವುದಿಲ್ಲ. ಹೆಡ್ ಗ್ಯಾಸ್ಕೆಟ್ ಎಷ್ಟಿತ್ತೋ ಅಷ್ಟೇ ಹಾಕಿ. ಹೆಡ್ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೊದಲ ಓಟದ ನಂತರ ಇನ್ನೊಮ್ಮೆ ನೋಡಿ.

ನೀಡಲ್ ವಾಲ್ವ್ ಬಗ್ಗೆ ಎರಡು ಮಾತು. ವೆಂಚುರಿಗೆ, ಅಂದರೆ ಗಾಳಿ ಸೇರುವ ಬಾಯಿಗೆ, ಅಡ್ಡಲಾಗಿ ಕೊಳವೆ ಇದ್ದು ಅದರಲ್ಲಿ ಒಂದೇ ತೂತಿದ್ದರೆ, ಸಾಮಾನ್ಯವಾಗಿ ಆ ತೂತು ಎಂಜಿನ್ ಒಳಮುಖಕ್ಕೆ ತಿರುಗಿರಬೇಕು. ನೀಡಲ್‌ನ ಮರೆ ಸಡಿಲವಿದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಸಣ್ಣದೊಂದು ತುಂಡು ಸಿಲಿಕೋನ್ ಟ್ಯೂಬ್ ಅನ್ನು ನೀಡಲ್ ಮತ್ತು ಕೊಳವೆಯ ಮೇಲೆ ಏರಿಸಿದರೆ ಸಮಸ್ಯೆ ಮುಗಿಯಿತು.

ಕಾಕ್ಸ್ ಇದ್ದವರು ರೀಡ್ ಅನ್ನು ಭೂತಗನ್ನಡಿಯಲ್ಲಿ ನೋಡಿ. ಒಂದು ಬಟ್ಟೆಯ ಎಳೆ ಅಡ್ಡ ಬಂದಿದ್ದರೂ ಅದು ಓಡುವುದಿಲ್ಲ. ರೀಡ್ ತನ್ನ ಜಾಗದಲ್ಲಿ ಸಡಿಲವಾಗಿ ಅಲುಗಬೇಕು, ಬಿಗಿಯಾಗಿ ಕೂರಬಾರದು. ಸಿಲಿಂಡರ್ ಬಿಚ್ಚಲು ಅದಕ್ಕೆಂದೇ ಮಾಡಿದ ಸ್ಪ್ಯಾನರ್ ಬೇಕು. ಗುಂಡು ಕೀಲು ಸಡಿಲವಾಗಿದ್ದರೆ ಅದನ್ನು ಬಿಗಿ ಮಾಡುವ ರೀಸೆಟ್ ಟೂಲ್ ಸಿಗುತ್ತದೆ, ಒಂದೊಂದೇ ಮೆಲ್ಲನೆಯ ಪೆಟ್ಟು ಕೊಟ್ಟು ಪ್ರತಿ ಸಲ ನೋಡಿ. ರಾಡ್ ತನ್ನ ಭಾರಕ್ಕೇ ವಾಲುವಷ್ಟು ಸಲೀಸಿರಬೇಕು.

ಜೋಡಿಸಿದ ಮೇಲೆ ಪ್ರಾಪ್ ಹಾಕಿ ಕಂಪ್ರೆಶನ್ ವಿರುದ್ಧ ಮೆಲ್ಲಗೆ ಒತ್ತಿ. ಸ್ಪ್ರಿಂಗ್ ಥರ ಹಿಂದಕ್ಕೆ ತಳ್ಳಿದರೆ ಸಂತೋಷಪಡಿ. ಉಸ್ ಅಂತ ಸೋರಿದರೆ ಪ್ಲಗ್ ಸುತ್ತ, ಹೆಡ್ ಸುತ್ತ ಎಣ್ಣೆ ಹನಿಸಿ ನೋಡಿ, ಗುಳ್ಳೆ ಎದ್ದಲ್ಲಿ ಸೋರಿಕೆ.

ಇಂಧನ

ಇಲ್ಲಿ ನಾನು ಹಟಮಾರಿ. ಈಗಿನ ಸಿದ್ಧ ಇಂಧನಗಳಲ್ಲಿ ಬಹಳಷ್ಟರಲ್ಲಿ ಎಣ್ಣೆ ಕಡಿಮೆ, ಅದೂ ಹೆಚ್ಚಿನಂಶ ಸಿಂಥೆಟಿಕ್. ಬಾಲ್ ಬೇರಿಂಗ್ ಇರುವ ಹೊಸ ಎಂಜಿನ್‌ಗೆ ಅದು ಸರಿ. ಬುಶ್‌ನಲ್ಲಿ ತಿರುಗುವ, ಕಬ್ಬಿಣದ ಪಿಸ್ಟನ್ ಇರುವ ಹಳೆಯದಕ್ಕೆ ಅದು ಸಾಲದು. ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಕಾದಾಗ ಸಿಂಥೆಟಿಕ್ ಎಣ್ಣೆ ಕೈಕೊಡುತ್ತದೆ. ಹರಳೆಣ್ಣೆ ಆಗ ದಪ್ಪವಾಗಿ ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತದೆ. ನಿಮಗೆ ಬಿಚ್ಚಲು ಇಷ್ಟು ಕಷ್ಟ ಕೊಟ್ಟಿತಲ್ಲ, ಅದೇ ಗುಣ.

ಸಾಮಾನ್ಯ ಹಳೆ ಎಂಜಿನ್‌ಗೆ ಒಟ್ಟು ಎಣ್ಣೆ ಶೇ. 22ರಿಂದ 25, ಅದರಲ್ಲಿ ಕನಿಷ್ಠ ಅರ್ಧ ಹರಳೆಣ್ಣೆ. ಫಾಕ್ಸ್ 35ಗೆ ಶೇ. 28ರಷ್ಟು ಎಣ್ಣೆ ಕೊಡುವುದು ಹಳಬರ ರೂಢಿ. ನೈಟ್ರೋಮೀಥೇನ್ ಶೇ. 5ರಿಂದ 10 ಸಾಕು, ಕಾಕ್ಸ್‌ಗೆ ಮಾತ್ರ 15ರಿಂದ 25. ನಿಮ್ಮ ಬಳಿ ಶೇ. 18 ಎಣ್ಣೆಯ ಒಂದು ಲೀಟರ್ ಇಂಧನ ಇದೆ ಅಂದುಕೊಳ್ಳಿ. ಅದನ್ನು 25ಕ್ಕೆ ಏರಿಸಲು ಸುಮಾರು 93 ಮಿಲಿ ಹರಳೆಣ್ಣೆ ಬೇಕು, 28ಕ್ಕೆ ಏರಿಸಲು ಸುಮಾರು 139 ಮಿಲಿ. ಸಂಸ್ಕರಿಸಿದ ಶುದ್ಧ ಎಣ್ಣೆಯೇ ಆಗಬೇಕು, ಹಾಕಿ ಚೆನ್ನಾಗಿ ಕುಲುಕಿ.

ಮೆಥನಾಲ್ ವಿಷ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಹೊಟ್ಟೆಗೆ ಹೋದರೆ ಕಣ್ಣೇ ಹೋಗಬಹುದು. ಅದರ ಉರಿ ಹಗಲಿನಲ್ಲಿ ಕಾಣಿಸುವುದೇ ಇಲ್ಲ. ಕೈಗವಸು, ಗಾಳಿಯಾಡುವ ಜಾಗ, ಪಕ್ಕದಲ್ಲೇ ಬೆಂಕಿ ಆರಿಸುವ ಸಾಧನ, ಮೂರೂ ಇರಬೇಕು.

ಓಡಿಸುವುದು

ಎಂಜಿನ್ನನ್ನು ಗಟ್ಟಿ ಹಲಗೆಗೆ ಅದರ ಕಿವಿಗಳ ಮೂಲಕ ಬೋಲ್ಟ್ ಹಾಕಿ ಕೂರಿಸಿ. ವೈಸ್‌ನಲ್ಲಿ ಕೇಸ್ ಹಿಡಿದು ಓಡಿಸಬೇಡಿ, ಕೇಸ್ ಸೊಟ್ಟಾಗುತ್ತದೆ. ಟ್ಯಾಂಕ್‌ನ ನಡುಮಧ್ಯ ನೀಡಲ್ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಪ್ರಾಪ್ ಅಳತೆ (ಇಂಚಿನಲ್ಲಿ ವ್ಯಾಸ × ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ): .049ಗೆ 6×3, .15ಗೆ 8×4, .19ಗೆ 9×4, .35ಗೆ 10×5 ಅಥವಾ 10×6. ಬಿರುಕು ಇರುವ ಪ್ರಾಪ್ ಎಷ್ಟೇ ಚಂದವಿದ್ದರೂ ಬಿಸಾಡಿ. ಪ್ಲಗ್‌ಗೆ 1.5 ವೋಲ್ಟ್ ಸಾಕು, ಒಂಟಿ ಲಿಥಿಯಂ ಸೆಲ್ ನೇರವಾಗಿ ಕೊಟ್ಟರೆ ತಂತಿ ಸುಟ್ಟುಹೋಗುತ್ತದೆ.

ನೀಡಲ್ ಮೂರು ಮೂರೂವರೆ ಸುತ್ತು ಬಿಚ್ಚಿ. ಪ್ಲಗ್‌ಗೆ ಬ್ಯಾಟರಿ ಇಲ್ಲದೆ, ವೆಂಚುರಿ ಬಾಯಿಗೆ ಬೆರಳಿಟ್ಟು ಪ್ರಾಪ್ ತಿರುಗಿಸಿ, ಇಂಧನ ಟ್ಯೂಬ್‌ನಲ್ಲಿ ಬಂದು ತಲುಪಿದ ಮೇಲೆ ಇನ್ನೆರಡು ಸುತ್ತು. ಪ್ರಾಪ್ ಗಟ್ಟಿಯಾಗಿ ನಿಂತುಬಿಟ್ಟರೆ ಒಳಗೆ ಇಂಧನ ತುಂಬಿದೆ, ಒತ್ತಿದರೆ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ಹೊರಹಾಕಿ. ಸರಿಯಿದ್ದರೆ ಬ್ಯಾಟರಿ ಜೋಡಿಸಿ, ಒಂದು ಕೋಲಿನಿಂದ ಪ್ರಾಪ್ ಚುರುಕಾಗಿ ಹೊಡೆಯಿರಿ. ಹಳೆ ಎಂಜಿನ್‌ಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಹಿಡಿಯುವುದು ನನಗೆ ಇಷ್ಟವಿಲ್ಲ, ತುಂಬಿದ ಎಂಜಿನ್ ಮೇಲೆ ಅದರ ಬಲ ಕ್ರೂರವಾಗಿ ಬೀಳುತ್ತದೆ. ರೀಡ್ ಇರುವ ಕಾಕ್ಸ್ ಉಲ್ಟಾ ದಿಕ್ಕಿಗೂ ಶುರುವಾಗಿಬಿಡಬಹುದು, ಗಾಳಿ ಮುಂದಕ್ಕೆ ಹೊಡೆದರೆ ನಿಲ್ಲಿಸಿ ಮತ್ತೆ ಹೊಡೆಯಿರಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಪ್ರಾಪ್‌ನ ಸಾಲಿನಲ್ಲಿ ಯಾರೂ ನಿಲ್ಲಬಾರದು, ನೀಡಲ್ ತಿರುಗಿಸುವುದು ಯಾವಾಗಲೂ ಹಿಂದಿನಿಂದ.

ಶುರುವಾದಾಗ ಒರಟು, ತಗ್ಗಿದ ದನಿ ಕೇಳುತ್ತದೆ, ಎಕ್ಸಾಸ್ಟ್‌ನಿಂದ ಎಣ್ಣೆ ಹೊಗೆ ಧಾರಾಳವಾಗಿ ಬರುತ್ತದೆ. ಇಂಧನ ಜಾಸ್ತಿ ಇರುವುದರಿಂದ ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುತ್ತಿದೆ ಅಂತ ಅರ್ಥ. ಕಬ್ಬಿಣದ ಪಿಸ್ಟನ್‌ಗೆ ಹೊಸ ಭಾಗ ಹಾಕಿದ್ದರೆ ಇದೇ ದನಿಯಲ್ಲಿ ಎರಡು ಮೂರು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಿ. ಕಾಯುವುದು, ಆರುವುದು ಎರಡೂ ಸೇರಿಯೇ ಆ ಲೋಹ ಪಳಗಬೇಕು. ಎಬಿಸಿಗೆ ಇದು ತದ್ವಿರುದ್ಧ. ಅದನ್ನು ತಣ್ಣಗೆ ಓಡಿಸಿದರೆ ಮೇಲಿನ ಬಿಗಿ ಸವೆದುಹೋಗುತ್ತದೆ. ಇಂಧನ ತುಸು ಜಾಸ್ತಿಯೇ ಇರಲಿ, ಆದರೆ ದನಿ ಕೀಚಲಾಗಿ ಪ್ರತಿ ಸುತ್ತಿಗೂ ಉರಿಯುವ ಹದದಲ್ಲಿ ಓಡಿಸಿ.

ಹದ ನೋಡಲು ಸುಲಭ ಉಪಾಯ ಒಂದಿದೆ. ಇಂಧನದ ಟ್ಯೂಬ್ ಅನ್ನು ಕ್ಷಣಕಾಲ ಚಿವುಟಿ ಬಿಡಿ. ದನಿ ಏರಿ ಮತ್ತೆ ಇಳಿದರೆ ಇಂಧನ ಜಾಸ್ತಿಯೇ ಇದೆ, ಎಂಜಿನ್ ಸುರಕ್ಷಿತ. ಚಿವುಟಿದ ಕೂಡಲೇ ಕುಸಿದರೆ ತೆಳುವಾಗಿದೆ, ನೀಡಲ್ ಬಿಚ್ಚಿ. ಎಕ್ಸಾಸ್ಟ್ ಎಣ್ಣೆ ಕಪ್ಪಾಗಿ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ ಕಾರಣ ಹುಡುಕಿ: ಒಳಗೆ ಲೋಹ ಲೋಹಕ್ಕೆ ತಿಕ್ಕುತ್ತಿದೆ. ಬ್ಯಾಟರಿ ತೆಗೆದಾಗ ವೇಗ ಇಳಿದರೆ ಒಂದೋ ಇಂಧನ ತೀರಾ ಜಾಸ್ತಿ, ಅಥವಾ ಪ್ಲಗ್ ಹಳತಾಗಿದೆ.

ದಿನದ ಕೆಲಸ ಮುಗಿದಾಗ ಟ್ಯೂಬ್ ಚಿವುಟಿ, ಒಳಗಿನ ಇಂಧನ ಉರಿದು ತೀರಿ ತಾನಾಗಿ ನಿಲ್ಲುವವರೆಗೆ ಬಿಡಿ. ಮೆಥನಾಲ್ ಗಾಳಿಯಿಂದ ನೀರು ಹೀರುತ್ತದೆ, ನೈಟ್ರೋ ಉರಿದ ಶೇಷ ಆಮ್ಲದ ಥರ ಬೇರಿಂಗ್ ತಿನ್ನುತ್ತದೆ. ಎಂಜಿನ್ ಬಿಸಿಯಿರುವಾಗಲೇ ವೆಂಚುರಿಗೆ ಗಾಳಿಯೊತ್ತಡದ ಉಪಕರಣಗಳಿಗೆ (ಏರ್ ಟೂಲ್) ಬಳಸುವ ತೆಳು ಎಣ್ಣೆ ಐದಾರು ಹನಿ ಹಾಕಿ, ಬ್ಯಾಟರಿ ಇಲ್ಲದೆ ಪ್ರಾಪ್ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಆಮೇಲೆ ಪಿಸ್ಟನ್ ಕೆಳಗಿರುವ ಹಾಗೆ ನಿಲ್ಲಿಸಿ ಎತ್ತಿಡಿ. ಮುಖ್ಯವಾಗಿ ಎಬಿಸಿ ಎಂಜಿನ್ ಮೇಲಿನ ಬಿಗಿಯಲ್ಲೇ ನಿಂತು ತಣ್ಣಗಾದರೆ ಮುಂದಿನ ಸಲ ಮತ್ತೆ ಹೀಟ್ ಗನ್ ಬೇಕಾಗುತ್ತದೆ.